ಬಿಸಿಲ್ಗುದುರೆಯ ಕೆರೆಯಲ್ಲಿ ಒಂದು ಓಟ: ಎಲ್ ಮಿರಾಜ್‌ನ ಜುಲೈ ಕೂಟಕ್ಕೆ ಮೊದಲ ಬಾರಿ ಬೈಕು ಒಯ್ಯುವವರಿಗೆ ಸಮಗ್ರ ಮಾರ್ಗದರ್ಶಿ

ಕ್ಯಾಲಿಫೋರ್ನಿಯಾದ ಮೊಹಾವಿ ಮರುಭೂಮಿಯಲ್ಲಿ ಎಲ್ ಮಿರಾಜ್ ಎಂಬ ಒಣ ಕೆರೆಯಿದೆ. ನಾವು ಬಿಸಿಲ್ಗುದುರೆ ಎನ್ನುವುದನ್ನೇ ಅದರ ಹೆಸರು ಹೇಳುತ್ತದೆ. ಜುಲೈ ತಿಂಗಳ ಮಧ್ಯಾಹ್ನ ಅದರ ದಡದಲ್ಲಿ ನಿಂತರೆ ಎದುರಿನ ಬೆಟ್ಟಗಳ ಬುಡ ನೀರಿನಲ್ಲಿ ಅದ್ದಿದಂತೆ ಕಾಣುತ್ತದೆ. ದೂರದಿಂದ ಬರುವ ಗಾಡಿ ಮೊದಲು ನೆಲ ಬಿಟ್ಟು ತೇಲುವ ಕಪ್ಪು ಚುಕ್ಕೆಯಾಗಿ, ಆಮೇಲೆ ಉದ್ದಕ್ಕೆ ಎಳೆದ ನೆರಳಾಗಿ, ಕೊನೆಗೆ ಸದ್ದಾಗಿ ನಮ್ಮನ್ನು ತಲುಪುತ್ತದೆ. ಹವ್ಯಾಸಿಗಳು ತಾವೇ ಕಟ್ಟಿದ ಕಾರು, ಬೈಕುಗಳನ್ನು ತಂದು, ಒಂದು ಸಲಕ್ಕೆ ಒಂದೇ ಗಾಡಿಯಂತೆ ಈ ನೆಲದ ಮೇಲೆ ಓಡಿಸಿ ವೇಗ ಅಳೆಸಿಕೊಳ್ಳುತ್ತಾರೆ. ಪಕ್ಕದಲ್ಲಿ ಎದುರಾಳಿ ಇರುವುದಿಲ್ಲ. ಬಹುಮಾನದ ಹಣವೂ ಇಲ್ಲ. ಸಿಗುವುದು ಒಂದು ಚೀಟಿ, ಅದರ ಮೇಲೆ ಒಂದು ಸಂಖ್ಯೆ.

ಓಟದ ಉದ್ದ 1.3 ಮೈಲಿ, ಅಂದರೆ ಸುಮಾರು 2.1 ಕಿಲೋಮೀಟರು. ಅದರ ತುದಿಯಲ್ಲಿರುವ 132 ಅಡಿಗಳ ಪಟ್ಟಿಯಲ್ಲಿ ಮಾತ್ರ ವೇಗವನ್ನು ಅಳೆಯುತ್ತಾರೆ. ಇದನ್ನೇ ಅಲ್ಲಿಯವರು ಟ್ರಾಪ್ ಎನ್ನುತ್ತಾರೆ. ಗಂಟೆಗೆ 120 ಮೈಲಿ ವೇಗದಲ್ಲಿ ಹೋಗುವ ಬೈಕು ಆ ಪಟ್ಟಿಯನ್ನು ಸರಿಯಾಗಿ ಮುಕ್ಕಾಲು ಸೆಕೆಂಡಿನಲ್ಲಿ ದಾಟುತ್ತದೆ. ಹೊರಟಲ್ಲಿಂದ ಟ್ರಾಪಿನವರೆಗೆ ಹಿಡಿಯುವುದು ಒಂದು ನಿಮಿಷಕ್ಕೂ ಕಡಿಮೆ. ವಾರಾಂತ್ಯದ ಉಳಿದ ಸಮಯವೆಲ್ಲ ಕಾಯುವುದರಲ್ಲಿ, ಅದೂ ನೆರಳಿಲ್ಲದ ಬಯಲಿನಲ್ಲಿ, 40 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನ ಬಿಸಿಲಿನಲ್ಲಿ ಕಾಯುವುದರಲ್ಲಿ ಕಳೆಯುತ್ತದೆ. ಎರಡು ಬೇಸಿಗೆ ಗೆಳೆಯನ ಬೈಕಿಗೆ ಕೈಯಾಳಾಗಿ ಹೋಗಿ, ಮೂರನೆಯ ಬೇಸಿಗೆ ನನ್ನದೇ ಬೈಕು ಒಯ್ದ ಮೇಲೆ ನನಗೆ ಖಚಿತವಾದದ್ದು ಇದು: ಮೊದಲ ಬಾರಿ ಬರುವವರು ಸಾಮಾನ್ಯವಾಗಿ ಆ ಒಂದು ನಿಮಿಷಕ್ಕೆ ಸಿದ್ಧರಾಗಿ ಬರುತ್ತಾರೆ, ಉಳಿದ ಎರಡು ದಿನಕ್ಕೆ ಸಿದ್ಧರಾಗಿ ಬರುವುದಿಲ್ಲ. ಹಾಗಾಗಿ ಈ ಮಾರ್ಗದರ್ಶಿಯ ಹೆಚ್ಚಿನ ಭಾಗ ಆ ಎರಡು ದಿನಕ್ಕೆ ಮೀಸಲು.

ಕೂಟದ ಹಿನ್ನೆಲೆ

ಕೂಟವನ್ನು ನಡೆಸುವುದು ಸದರ್ನ್ ಕ್ಯಾಲಿಫೋರ್ನಿಯಾ ಟೈಮಿಂಗ್ ಅಸೋಸಿಯೇಷನ್. ಅಲ್ಲಿಯವರ ಬಾಯಲ್ಲಿ ಎಸ್‌ಸಿಟಿಎ. 1937ರಲ್ಲಿ ಕೆಲವು ಕ್ಲಬ್ಬುಗಳು ಒಟ್ಟಾಗಿ ಕಟ್ಟಿದ ಈ ಸಂಸ್ಥೆ ಮೊದಲು ಮ್ಯೂರಾಕ್ ಎಂಬ ಬೇರೊಂದು ಒಣ ಕೆರೆಯಲ್ಲಿ ಓಟ ನಡೆಸುತ್ತಿತ್ತು. ಆ ಕೆರೆ ಸೇನೆಯ ಪಾಲಾಗಿ ಈಗ ಎಡ್ವರ್ಡ್ಸ್ ವಾಯುನೆಲೆಯೊಳಗೆ ಸೇರಿದೆ. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಎಲ್ ಮಿರಾಜ್ ಈ ಆಟದ ಮನೆಯಾಯಿತು. 1946ರಲ್ಲಿ ಬಿಲ್ ಬರ್ಕ್ ಎಂಬಾತ ಯುದ್ಧವಿಮಾನದ ಹೆಚ್ಚುವರಿ ಇಂಧನ ಟ್ಯಾಂಕನ್ನು ಗುಜರಿಯಿಂದ ತಂದು ಅದನ್ನೇ ಕಾರಿನ ಮೈಯಾಗಿಸಿ ಓಡಿಸಿದ. ಲೇಕ್‌ಸ್ಟರ್ ಎಂಬ ತರಗತಿ ಹುಟ್ಟಿದ್ದು ಹಾಗೆ, ಮತ್ತು ಇಂದಿಗೂ ಪಿಟ್ಟಿನಲ್ಲಿ, ಅಂದರೆ ಗಾಡಿಗಳನ್ನು ನಿಲ್ಲಿಸಿ ಸಿದ್ಧಪಡಿಸುವ ಜಾಗದಲ್ಲಿ, ಮೀನಿನಾಕಾರದ ಅಂತಹ ಗಾಡಿಗಳು ಕಾಣಸಿಗುತ್ತವೆ. ಇದೇ ಸಂಸ್ಥೆ 1949ರಿಂದ ಯೂಟಾ ರಾಜ್ಯದ ಬಾನವಿಲ್ ಉಪ್ಪಿನ ಬಯಲಿನಲ್ಲಿ ಆಗಸ್ಟ್ ತಿಂಗಳ ಸ್ಪೀಡ್ ವೀಕ್ ಎಂಬ ವೇಗದ ಕೂಟವನ್ನೂ ನಡೆಸುತ್ತ ಬಂದಿದೆ.

ಎಲ್ ಮಿರಾಜ್‌ನ ಕೂಟಗಳು ಮೇ ತಿಂಗಳಿಂದ ನವೆಂಬರ್‌ವರೆಗೆ, ಆಗಸ್ಟ್ ಒಂದನ್ನು ಬಿಟ್ಟು, ತಿಂಗಳಿಗೊಂದರಂತೆ ಬರುತ್ತವೆ. ರೂಢಿಯಲ್ಲಿ ಶನಿವಾರ ತಪಾಸಣೆ, ಭಾನುವಾರ ಓಟ. ನವೆಂಬರಿನ ಕೊನೆಯ ಕೂಟ ಮಾತ್ರ ಎರಡು ದಿನದ ಓಟ. ಆದರೆ ವೇಳಾಪಟ್ಟಿ ವರ್ಷದಿಂದ ವರ್ಷಕ್ಕೆ ಬದಲಾಗಬಹುದು. ಕೆರೆಯಲ್ಲಿ ನೀರು ನಿಂತರೆ ಕೂಟವೇ ರದ್ದಾಗುತ್ತದೆ. ಹೊರಡುವ ವಾರ ಸಂಸ್ಥೆಯ ಪ್ರಕಟಣೆಯನ್ನು ನೋಡದೆ ಟ್ರೇಲರ್ ಕಟ್ಟಬೇಡಿ. ನನ್ನ ಅಭಿಪ್ರಾಯ ಕೇಳಿದರೆ, ಮೊದಲ ಓಟಕ್ಕೆ ಅಕ್ಟೋಬರ್ ಹಿತವಾದ ತಿಂಗಳು. ಆದರೂ ರಜೆ, ಮಕ್ಕಳ ಶಾಲೆ, ಕಚೇರಿ ಎಲ್ಲವನ್ನೂ ಹೊಂದಿಸಿಕೊಂಡು ನೋಡಿದಾಗ ನಮ್ಮಂಥವರಿಗೆ ಸಿಗುವುದು ಜುಲೈ ಒಂದೇ.

ಆರು ತಿಂಗಳ ಮೊದಲು: ಸದಸ್ಯತ್ವ, ಪುಸ್ತಕ, ತರಗತಿ

ಎಲ್ ಮಿರಾಜ್‌ನಲ್ಲಿ ಓಡುವವರು ಎಸ್‌ಸಿಟಿಎಗೆ ಸೇರಿದ ಯಾವುದಾದರೊಂದು ಕ್ಲಬ್ಬಿನ ಸದಸ್ಯರಾಗಿರುತ್ತಾರೆ. ಇದನ್ನು ಕಾಗದಪತ್ರದ ಕಿರಿಕಿರಿ ಎಂದು ಭಾವಿಸಬೇಡಿ. ಕ್ಲಬ್ಬಿನ ಸಭೆಗಳಿಗೆ ನಾಲ್ಕು ತಿಂಗಳು ಹೋಗಿ ಕುಳಿತರೆ, ನಿಮ್ಮಂತಹದೇ ಬೈಕನ್ನು ಇಪ್ಪತ್ತು ವರ್ಷ ಓಡಿಸಿದ ಹಿರಿಯರೊಬ್ಬರು ಖಂಡಿತ ಸಿಗುತ್ತಾರೆ, ಮತ್ತು ಅವರು ನಿಮ್ಮ ಗ್ಯಾರೇಜಿಗೆ ಬಂದು ಒಂದು ಗಂಟೆ ಬೈಕಿನ ಸುತ್ತ ನಡೆದಾಡಿ ಹೇಳುವ ಮಾತು ಯಾವ ವೀಡಿಯೋದಲ್ಲೂ ಸಿಗುವುದಿಲ್ಲ. ಕೆರೆಯ ಕೆಲಸವನ್ನೂ ಕ್ಲಬ್ಬುಗಳು ಸರದಿಯಲ್ಲಿ ಹಂಚಿಕೊಳ್ಳುತ್ತವೆ. ನಿಮ್ಮ ಕ್ಲಬ್ಬಿನ ಸರದಿ ಬಂದಾಗ ಪಥ ಗುರುತಿಸುವ ಕೋನು ಹೊರುವುದೂ, ಕಸ ಆಯುವುದೂ ನಿಮ್ಮ ಪಾಲಿನ ಕೆಲಸವೇ.

ಸಂಸ್ಥೆಯ ನಿಯಮಪುಸ್ತಕ ಪ್ರತಿವರ್ಷ ಹೊಸದಾಗಿ ಬರುತ್ತದೆ. ಹಳೆಯ ವರ್ಷದ ಪುಸ್ತಕವನ್ನು ಗೆಳೆಯರಿಂದ ಎರವಲು ಪಡೆದು ಬೈಕು ಕಟ್ಟುವುದು ಉಳಿತಾಯವಲ್ಲ. ಸುರಕ್ಷತೆಯ ಅಧ್ಯಾಯವನ್ನು ಕೈಯಲ್ಲಿ ಪೆನ್ಸಿಲು ಹಿಡಿದು ಎರಡು ಸಲ ಓದಿ. ತರಗತಿಗಳ ಅಧ್ಯಾಯಕ್ಕೆ ಅನಂತರ ಬನ್ನಿ. ಬೈಕುಗಳ ತರಗತಿಯನ್ನು ಮೂರು ಪ್ರಶ್ನೆಗಳಿಂದ ಗುರುತಿಸುತ್ತಾರೆ: ಎಂಜಿನ್ ಎಷ್ಟು ಸಿಸಿ, ಫ್ರೇಮು ಮತ್ತು ಮೈ ಎಷ್ಟರಮಟ್ಟಿಗೆ ಕಾರ್ಖಾನೆಯಿಂದ ಬಂದಂತೆಯೇ ಇದೆ, ಇಂಧನ ಮಾಮೂಲಿ ಪೆಟ್ರೋಲೇ ಅಥವಾ ಬೇರೆಯೇ. ಆಯಾ ತರಗತಿಗೆ ಒಂದೊಂದು ದಾಖಲೆ ಇದೆ. ಮೊದಲ ವರ್ಷ ದಾಖಲೆಯ ಪಟ್ಟಿಯನ್ನು ಕುತೂಹಲಕ್ಕೆ ನೋಡಿ ಮುಚ್ಚಿಡಿ.

ಇಲ್ಲಿ ನಮ್ಮ ಕಡೆಯ ಒಂದು ಕೊಂಡಿ ಇದೆ. 2018ರ ಆಗಸ್ಟಿನಲ್ಲಿ ಬಾನವಿಲ್ ಸ್ಪೀಡ್ ವೀಕ್‌ನಲ್ಲಿ ಕೇಲಾ ರಿವಾಸ್ ಎಂಬ 18 ವರ್ಷದ ಹುಡುಗಿ, ಸಾಕಷ್ಟು ಮಾರ್ಪಡಿಸಿದ ರಾಯಲ್ ಎನ್‌ಫೀಲ್ಡ್ ಕಾಂಟಿನೆಂಟಲ್ ಜಿಟಿ 650 ಬೈಕನ್ನು ಗಂಟೆಗೆ 157 ಮೈಲಿ ಮುಟ್ಟಿಸಿದಳು. ಚೆನ್ನೈ ಹತ್ತಿರದ ಕಾರ್ಖಾನೆಯಲ್ಲಿ ತಯಾರಾಗುವ 648 ಸಿಸಿಯ ಆ ಬೈಕು 650ರ ತರಗತಿಗೆ ಹೇಳಿ ಮಾಡಿಸಿದಂತಿದೆ. ಎಂಜಿನ್ ಸರಳ, ಬಿಡಿಭಾಗ ಅಗ್ಗ, ಊರಿನಿಂದ ಬರುವ ನೆಂಟರ ಸೂಟ್‌ಕೇಸಿನಲ್ಲಿ ಉಪ್ಪಿನಕಾಯಿಯ ಪಕ್ಕದಲ್ಲಿ ಕ್ಲಚ್ ಪ್ಲೇಟೂ ಬರುತ್ತದೆ. ನಾನು ಅದನ್ನೇ ಆರಿಸಿಕೊಂಡದ್ದಕ್ಕೆ ಅಭಿಮಾನ ಅರ್ಧ ಕಾರಣ, ಈ ಸೌಕರ್ಯ ಇನ್ನರ್ಧ.

ಗ್ಯಾರೇಜಿನ ಕೆಲಸ: ತಂತಿ, ದಾರ, ಮುಚ್ಚಳ

ತಪಾಸಕರು ಎಂಜಿನ್ನಿನ ಶಕ್ತಿಯನ್ನು ನೋಡುವುದಿಲ್ಲ. ಯಾವುದು ಕಳಚಿ ಬೀಳಬಹುದು, ಯಾವುದು ಸೋರಬಹುದು, ಸವಾರ ಬಿದ್ದರೆ ಬೈಕು ತಾನಾಗಿ ನಿಲ್ಲುತ್ತದೆಯೇ ಎಂಬ ಮೂರನ್ನು ನೋಡುತ್ತಾರೆ. ಆಯಿಲ್ ಡ್ರೈನ್ ಬೋಲ್ಟು, ಆಯಿಲ್ ಫಿಲ್ಟರ್, ಅಚ್ಚಿನ ನಟ್ಟುಗಳು, ಬ್ರೇಕ್ ಕ್ಯಾಲಿಪರಿನ ಬೋಲ್ಟುಗಳು ಮೊದಲಾದವುಗಳನ್ನು ಸೇಫ್ಟಿ ವೈರಿನಿಂದಲೋ ಕಾಟರ್ ಪಿನ್ನಿನಿಂದಲೋ ಬಂಧಿಸಬೇಕು.

ಸೇಫ್ಟಿ ವೈರ್ ಕಟ್ಟುವುದನ್ನು ಒಮ್ಮೆ ಸರಿಯಾಗಿ ಕಲಿತರೆ ಜೀವನಪರ್ಯಂತ ಮರೆಯುವುದಿಲ್ಲ. ಬೋಲ್ಟನ್ನು ಬಿಚ್ಚಿ ವೈಸಿಗೆ ಹಿಡಿಸಿ, ಅದರ ತಲೆಯ ಒಂದು ಮುಖದ ನಡುವೆ ಪಂಚಿನಿಂದ ಗುರುತು ಹಾಕಿ, 1.5 ಮಿಲಿಮೀಟರಿನ ಡ್ರಿಲ್ಲಿನಿಂದ ಎಣ್ಣೆ ಹನಿಸುತ್ತ ನಿಧಾನವಾಗಿ ಕೊರೆಯಿರಿ. ಅವಸರಪಟ್ಟರೆ ಡ್ರಿಲ್ಲು ಒಳಗೇ ಮುರಿಯುತ್ತದೆ, ಆಗ ಹೊಸ ಬೋಲ್ಟು ತರುವುದೇ ದಾರಿ. ಬೋಲ್ಟನ್ನು ಮತ್ತೆ ಅದರ ಜಾಗದಲ್ಲಿ ಟಾರ್ಕ್ ವ್ರೆಂಚಿನಿಂದ ಬಿಗಿದ ಬಳಿಕ 0.8 ಮಿಲಿಮೀಟರ್ ದಪ್ಪದ ಸ್ಟೇನ್‌ಲೆಸ್ ತಂತಿಯನ್ನು ತೂತಿನಲ್ಲಿ ಪೋಣಿಸಿ, ಎರಡೂ ಎಳೆಗಳನ್ನು ಸೇರಿಸಿ ಅಂಗುಲಕ್ಕೆ ಆರರಿಂದ ಎಂಟು ತಿರುವು ಬರುವಂತೆ ಹೊಸೆದು, ಪಕ್ಕದ ಬೋಲ್ಟಿಗೋ ಎಂಜಿನ್ನಿನ ಗಟ್ಟಿ ಕಿವಿಯೊಂದಕ್ಕೋ ಕಟ್ಟಿ. ಬೋಲ್ಟು ಸಡಿಲಾಗುವ ದಿಕ್ಕಿಗೆ ತಿರುಗಲು ನೋಡಿದರೆ ತಂತಿ ಬಿಗಿಯಾಗಬೇಕು. ಈ ದಿಕ್ಕು ತಪ್ಪಿದರೆ ತಂತಿ ಬರೀ ಅಲಂಕಾರ. ತುದಿಯನ್ನು ಕತ್ತರಿಸಿ ಒಳಮುಖವಾಗಿ ಮಡಚಿ. ಮಡಚದೆ ಬಿಟ್ಟ ತುದಿ ತಪಾಸಕರ ಬೆರಳಿಗೆ ಚುಚ್ಚಿದರೆ, ಅವರು ನಿಮ್ಮ ಬೈಕಿನ ಉಳಿದ ಭಾಗವನ್ನು ನೋಡುವ ಕಣ್ಣು ಬೇರೆಯಾಗಿರುತ್ತದೆ.

ಎರಡನೆಯದು ಕಿಲ್ ಸ್ವಿಚ್ಚಿನ ದಾರ. ಒಂದು ತುದಿ ನಿಮ್ಮ ಮಣಿಕಟ್ಟಿಗೆ, ಇನ್ನೊಂದು ಹ್ಯಾಂಡಲ್ಲಿನ ಸ್ವಿಚ್ಚಿಗೆ. ಸವಾರ ಬೈಕಿನಿಂದ ಬೇರ್ಪಟ್ಟ ಕ್ಷಣ ಎಂಜಿನ್ ಆರಬೇಕು. ಬೈಕಿನ ಮೇಲೆ ಪೂರ್ತಿ ಬಗ್ಗಿ ಕುಳಿತು ಹ್ಯಾಂಡಲ್ಲನ್ನು ಎರಡೂ ಕಡೆ ತಿರುಗಿಸಿ ನೋಡಿ. ದಾರ ಗಿಡ್ಡವಾಗಿದ್ದರೆ ಟ್ರಾಪಿನ ನಡುವೆ ನೀವೇ ಎಂಜಿನ್ ಆರಿಸಿಕೊಳ್ಳುತ್ತೀರಿ. ಮೂರನೆಯದು ಸ್ಟೇರಿಂಗ್ ಡ್ಯಾಂಪರ್. ಸಡಿಲ ಮಣ್ಣಿನ ಮೇಲೆ ಮುಂದಿನ ಚಕ್ರ ಅಲುಗಾಡತೊಡಗಿದಾಗ ಅದನ್ನು ಹಿಡಿದು ನಿಲ್ಲಿಸುವ ಭಾಗ ಇದೊಂದೇ, ಅಗ್ಗದ್ದನ್ನು ಕೊಳ್ಳಬೇಡಿ.

ಟೈರುಗಳು ನೀವು ಮುಟ್ಟಲಿರುವ ವೇಗಕ್ಕೆ ತಕ್ಕ ದರ್ಜೆಯವಾಗಿರಬೇಕು, ಹೊಸದಾಗಿರಬೇಕು. ಚೈನಿನ ಕೊಂಡಿ ಕ್ಲಿಪ್ಪಿನದಾದರೆ ಅದಕ್ಕೂ ತಂತಿ ಬೇಕು. ಗಾಜಿಗೆ ಟೇಪು ಸುತ್ತಬೇಕು. ಕನ್ನಡಿ, ಸ್ಟ್ಯಾಂಡು, ದೀಪಗಳಲ್ಲಿ ಯಾವುದನ್ನು ಕಳಚಬೇಕು ಎಂಬುದು ತರಗತಿಯನ್ನು ಅವಲಂಬಿಸಿರುತ್ತದೆ.

ಗಾಳಿ ತುಂಬುವ ವಾಲ್ವಿನ ಮುಚ್ಚಳ ಲೋಹದ್ದೇ ಆಗಿರಬೇಕು. ಈ ಒಂದು ವಾಕ್ಯವನ್ನು ನಾನು ಪುಸ್ತಕದಲ್ಲಿ ಓದಿ, ಗುರುತು ಹಾಕಿ, ಮರೆತಿದ್ದೆ. ಮೊದಲ ವರ್ಷ ತಪಾಸಕರು ಬೈಕಿನ ಮುಂದೆ ಮಂಡಿಯೂರಿ ಕುಳಿತು, ಚಕ್ರವನ್ನು ಅರ್ಧ ಸುತ್ತು ತಿರುಗಿಸಿ, ಕಪ್ಪು ಪ್ಲಾಸ್ಟಿಕ್ಕಿನ ಮುಚ್ಚಳವನ್ನು ಎರಡು ಬೆರಳಲ್ಲಿ ಬಿಚ್ಚಿ ನನ್ನ ಅಂಗೈಯಲ್ಲಿಟ್ಟು, ಒಂದು ಮಾತೂ ಆಡದೆ ಮುಂದಿನ ಬೈಕಿಗೆ ಹೋದರು. ವೇಗ ಹೆಚ್ಚಾದಾಗ ವಾಲ್ವಿನ ಒಳಗಿನ ಪುಟ್ಟ ಸೂಜಿ ಚಕ್ರದ ತಿರುಗುವಿಕೆಗೆ ಹೊರಮುಖವಾಗಿ ಸರಿದು ಗಾಳಿ ಬಿಡಬಹುದು, ಆಗ ಅದನ್ನು ತಡೆಯುವುದು ಆ ಮುಚ್ಚಳವೇ. ಅಂದು ಮಧ್ಯಾಹ್ನ ಎರಡು ಮುಚ್ಚಳಗಳಿಗಾಗಿ ವಿಕ್ಟರ್‌ವಿಲ್‌ವರೆಗೆ ಹೋಗಿ ಬಂದೆ. ಈಗ ನನ್ನ ಪರ್ಸಿನಲ್ಲಿ ಸದಾ ನಾಲ್ಕು ಇರುತ್ತವೆ.

ಸವಾರನ ಉಡುಪಿನ ವಿಷಯ ಚಿಕ್ಕದು. ಪೂರ್ತಿ ತೊಗಲಿನ ಸೂಟು, ಎರಡು ತುಂಡಿನದಾದರೆ ನಡುವೆ ಸುತ್ತಲೂ ಜಿಪ್ಪು, ಮಣಿಕಟ್ಟು ಮುಚ್ಚುವ ಕೈಗವಸು, ಕಣಕಾಲು ಮುಚ್ಚುವ ಬೂಟು, ಮುಖ ಪೂರ್ತಿ ಮುಚ್ಚುವ ಹೆಲ್ಮೆಟ್. ಊರಿನಿಂದ ತಂದ ಐಎಸ್‌ಐ ಮುದ್ರೆಯ ಹೆಲ್ಮೆಟ್ ನಡೆಯುವುದಿಲ್ಲ. ಯಾವ ಮುದ್ರೆ, ಯಾವ ವರ್ಷದ ಮಾನದಂಡ ಎಂಬುದನ್ನು ಆ ವರ್ಷದ ಪುಸ್ತಕದಲ್ಲೇ ನೋಡಿ ಕೊಳ್ಳಿ.

ಗೇರಿನ ಲೆಕ್ಕ, ಗಾಳಿಯ ಲೆಕ್ಕ

ಎದುರುಗಾಳಿಯ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ, ಅದನ್ನು ಮೀರಲು ಬೇಕಾದ ಶಕ್ತಿ ಘನಕ್ಕೆ ಅನುಗುಣವಾಗಿ. ಗಂಟೆಗೆ 100 ಮೈಲಿ ಓಡುವ ಬೈಕನ್ನು 126 ಮೈಲಿಗೆ ಏರಿಸಬೇಕಾದರೆ, ಉಳಿದದ್ದೆಲ್ಲ ಹಾಗೇ ಇದ್ದಲ್ಲಿ, ಶಕ್ತಿ ಎರಡರಷ್ಟು ಬೇಕು. ಎಂಜಿನ್ನಿಗೆ ಹಣ ಸುರಿಯುವ ಮೊದಲು ಬಗ್ಗಿ ಕುಳಿತುಕೊಳ್ಳುವುದನ್ನು ಅಭ್ಯಾಸ ಮಾಡಿ ಎಂದು ಹಿರಿಯರು ಹೇಳುವುದು ಇದಕ್ಕೇ. ಗಲ್ಲ ಟ್ಯಾಂಕಿಗೆ ತಾಗಬೇಕು, ಮೊಣಕೈ ಮೊಣಕಾಲಿಗೆ ತಾಗಬೇಕು, ಕಣ್ಣು ಮಾತ್ರ ಮೇಲೆ. ದಿನಕ್ಕೆ ಹತ್ತು ನಿಮಿಷ ಗ್ಯಾರೇಜಿನಲ್ಲಿ ನಿಂತ ಬೈಕಿನ ಮೇಲೆ ಹಾಗೆ ಕುಳಿತರೆ ಕತ್ತಿನ ನೋವು ಎರಡು ವಾರದಲ್ಲಿ ಒಗ್ಗುತ್ತದೆ. ಮನೆಯವರು ನಗುತ್ತಾರೆ, ನಗಲಿ.

ಗೇರಿನ ಲೆಕ್ಕಕ್ಕೆ ಒಂದು ಉದಾಹರಣೆ. ಹಿಂದಿನ ಚಕ್ರದ ಸುತ್ತಳತೆ 2 ಮೀಟರ್, ಎಂಜಿನ್ನಿನ ಅತ್ಯಧಿಕ ಶಕ್ತಿ 7,500 ಆರ್‌ಪಿಎಮ್‌ನಲ್ಲಿ (ನಿಮಿಷಕ್ಕೆ ಅಷ್ಟು ಸುತ್ತು), ಮೇಲಿನ ಗೇರಿನ ಒಟ್ಟು ಅನುಪಾತ 4.5, ಅಂದರೆ ಎಂಜಿನ್ನಿನ 4.5 ಸುತ್ತಿಗೆ ಚಕ್ರದ ಒಂದು ಸುತ್ತು ಎಂದುಕೊಳ್ಳಿ. ಚಕ್ರ ನಿಮಿಷಕ್ಕೆ ಸುಮಾರು 1,667 ಸುತ್ತು ತಿರುಗುತ್ತದೆ. ಅದು ಗಂಟೆಗೆ 200 ಕಿಲೋಮೀಟರ್, ಅಂದರೆ 124 ಮೈಲಿ. ಆದರೆ ಮಣ್ಣಿನ ಮೇಲೆ ಟೈರು ಜಾರುತ್ತದೆ. ನೂರಕ್ಕೆ ಐದು ಪಾಲು ಜಾರಿದರೂ ನೆಲದ ಮೇಲಿನ ವೇಗ 190 ಕಿಲೋಮೀಟರಿಗೆ ಇಳಿಯುತ್ತದೆ, ಮೀಟರು ಮಾತ್ರ 200 ತೋರಿಸುತ್ತಲೇ ಇರುತ್ತದೆ. ಹಿಂದಿನ ಸ್ಪ್ರಾಕೆಟ್ಟುಗಳನ್ನು, ಅಂದರೆ ಚೈನು ಕೂರುವ ಹಲ್ಲಿನ ಚಕ್ರಗಳನ್ನು, ಒಂದೆರಡು ಹಲ್ಲು ಹೆಚ್ಚು, ಒಂದೆರಡು ಹಲ್ಲು ಕಡಿಮೆ ಇರುವಂತೆ ಮೂರು ಒಯ್ಯಿರಿ.

ಇನ್ನು ಬಿಸಿಲು. ಕೆರೆಯ ನೆಲ ಸಮುದ್ರಮಟ್ಟದಿಂದ 2,800 ಅಡಿಗಿಂತ ಸ್ವಲ್ಪ ಮೇಲಿದೆ. ಆ ಎತ್ತರದಲ್ಲಿ 40 ಡಿಗ್ರಿಯ ಗಾಳಿಯ ಸಾಂದ್ರತೆ, ಸಮುದ್ರಮಟ್ಟದ ಹದವಾದ ಗಾಳಿಯ ಸುಮಾರು ನೂರಕ್ಕೆ 83ರಷ್ಟು ಮಾತ್ರ. ಅಂದರೆ ಹದವಾದ ಹವೆಯಲ್ಲಿ ಮುಳ್ಳಯ್ಯನಗಿರಿಯ ನೆತ್ತಿಯ ಮೇಲೆ ಎಂಜಿನ್ ಹೇಗೆ ಉಸಿರಾಡುತ್ತದೆಯೋ ಹೆಚ್ಚುಕಡಿಮೆ ಹಾಗೆಯೇ ಇಲ್ಲಿಯೂ ಉಸಿರಾಡುತ್ತದೆ. ಟರ್ಬೋ ಇಲ್ಲದ ಎಂಜಿನ್ನಿನ ಶಕ್ತಿ ಹೆಚ್ಚುಕಡಿಮೆ ಅದೇ ಪ್ರಮಾಣದಲ್ಲಿ ಕುಸಿಯುತ್ತದೆ. ಸಮಾಧಾನವೆಂದರೆ ತೆಳುವಾದ ಗಾಳಿ ಎದುರಿನಿಂದಲೂ ಅಷ್ಟೇ ಕಡಿಮೆ ತಡೆಯುತ್ತದೆ. ಕಾರ್ಬುರೇಟರ್ ಇರುವವರು ಕರಾವಳಿಯ ಮನೆಯಲ್ಲಿ ಹೊಂದಿಸಿದ ಜೆಟ್ಟಿನಲ್ಲೇ (ಪೆಟ್ರೋಲು ಹಾಯುವ ಸಣ್ಣ ತೂತಿನ ಬಿಡಿಭಾಗ) ಓಡಿಸಿದರೆ ಪೆಟ್ರೋಲು ಹೆಚ್ಚಾಗಿ ಎಂಜಿನ್ ಮಂಕಾಗುತ್ತದೆ. ಚಿಕ್ಕ ಜೆಟ್ಟುಗಳ ಡಬ್ಬಿ ಜೊತೆಯಲ್ಲಿರಲಿ. ಫ್ಯೂಯಲ್ ಇಂಜೆಕ್ಷನ್ ಇರುವವರಿಗೆ ಈ ಚಿಂತೆ ಕಡಿಮೆ, ಬಿಸಿಯ ಚಿಂತೆ ಎಲ್ಲರಿಗೂ ಒಂದೇ.

ಗಾಡಿಗೆ ಏರಿಸಬೇಕಾದ ಸಾಮಾನು

ಲಾಸ್ ಏಂಜಲೀಸ್ ಕಡೆಯಿಂದ ಬರುವವರು ಕಹೋನ್ ಕಣಿವೆ ಹತ್ತಿ, 395ನೇ ಹೆದ್ದಾರಿ ಹಿಡಿದು, ಅಡಿಲಾಂಟೋ ದಾಟಿದ ಮೇಲೆ ಎಡಕ್ಕೆ ಎಲ್ ಮಿರಾಜ್ ರಸ್ತೆಗೆ ತಿರುಗುತ್ತಾರೆ. ಅಡಿಲಾಂಟೋ ದಾಟಿದಿರೆಂದರೆ ಅಂಗಡಿ ಮುಗಿದವು. ಕೆರೆ ಕೇಂದ್ರ ಸರ್ಕಾರದ ಭೂನಿರ್ವಹಣಾ ಇಲಾಖೆಯ ಅಧೀನದಲ್ಲಿದ್ದು, ಒಳಹೋಗಲು ಪ್ರತ್ಯೇಕ ಪ್ರವೇಶ ಶುಲ್ಕವಿದೆ.

ನೀರನ್ನು ತಲೆಗೆ ದಿನಕ್ಕೆ ಆರು ಲೀಟರಿನ ಲೆಕ್ಕದಲ್ಲಿ ಒಯ್ಯಿರಿ, ಕೈಕಾಲು ತೊಳೆಯುವ ನೀರು ಬೇರೆ. ಬರಿ ನೀರು ಸಾಲದು. ಬೆವರಿನಲ್ಲಿ ಹೋದ ಉಪ್ಪನ್ನು ತುಂಬಿಕೊಳ್ಳಲು ಓಆರ್‌ಎಸ್ ಪುಡಿಯೋ ನಿಂಬೆ ಪಾನಕವೋ ಬೇಕು. ನಾವು ಐಸ್‌ಪೆಟ್ಟಿಗೆಯಲ್ಲಿ ಶುಂಠಿ, ಕರಿಬೇವು, ಉಪ್ಪು ಹಾಕಿದ ನೀರುಮಜ್ಜಿಗೆ ಒಯ್ಯುತ್ತೇವೆ. ಎರಡನೆಯ ವರ್ಷದಿಂದ ಪಕ್ಕದ ಪಿಟ್ಟಿನವರೂ ಲೋಟ ಹಿಡಿದು ಬರತೊಡಗಿದ್ದಾರೆ. ತಿಂಡಿಗೆ ಚಪಾತಿ, ಚಟ್ನಿಪುಡಿ, ಅವಲಕ್ಕಿ ಸಾಕು. ಒಲೆ ಹಚ್ಚುವ ಉತ್ಸಾಹ ಆ ಬಿಸಿಲಿನಲ್ಲಿ ಯಾರಿಗೂ ಉಳಿದಿರುವುದಿಲ್ಲ.

ನೆರಳಿಗೆ ಮಡಚುವ ಚಪ್ಪರ ಬೇಕು, ಅದರ ನಾಲ್ಕು ಕಾಲಿಗೂ ಭಾರ ಬೇಕು. ಬೆಳಿಗ್ಗೆ ಎಲೆ ಅಲುಗದ ಕೆರೆಯಲ್ಲಿ ಮಧ್ಯಾಹ್ನದ ಹೊತ್ತಿಗೆ ಗಾಳಿ ಏಳುತ್ತದೆ, ಧೂಳಿನ ಸುಂಟರಗಾಳಿಗಳು ಕಂಬದಂತೆ ಎದ್ದು ಪಿಟ್ಟಿನ ನಡುವೆಯೇ ನಡೆದುಹೋಗುತ್ತವೆ. ಭಾರ ಕಟ್ಟದ ಚಪ್ಪರವೊಂದು ಮೂರು ಪಿಟ್ಟು ದಾಟಿ ಯಾರದೋ ಹೊಸ ಬಣ್ಣದ ಕಾರಿನ ಮೇಲೆ ಇಳಿದದ್ದನ್ನು ಕಣ್ಣಾರೆ ಕಂಡಿದ್ದೇನೆ. ಬೈಕಿನ ಅಡಿಗೆ ಹಾಸಲು ತಾರ್ಪಾಲು ಕಡ್ಡಾಯ, ಏಕೆಂದರೆ ಒಂದು ಹನಿ ಆಯಿಲೂ ಕೆರೆಯ ಮಣ್ಣಿಗೆ ಬೀಳುವಂತಿಲ್ಲ. ಬೆಂಕಿ ಆರಿಸುವ ಸಿಲಿಂಡರ್, ಸ್ಟ್ಯಾಂಡಿನ ಕೆಳಗಿಡಲು ಹಲಗೆ ತುಂಡು, ಕಸದ ಚೀಲಗಳು ಇರಲಿ. ಸ್ಪ್ಯಾನರುಗಳನ್ನು ಬಿಸಿಲಲ್ಲಿ ಬಿಡಬೇಡಿ, ಹತ್ತು ನಿಮಿಷದ ಮೇಲೆ ಬರಿಗೈಯಲ್ಲಿ ಹಿಡಿಯಲಾಗುವುದಿಲ್ಲ.

ಶನಿವಾರ

ಬೆಳಿಗ್ಗೆಯೇ ತಲುಪಿ. ಮೊದಲು ನೋಂದಣಿ, ಆಮೇಲೆ ತಪಾಸಣೆಯ ಸಾಲು. ಬೈಕಿನ ಜೊತೆ ಉಡುಪು, ಹೆಲ್ಮೆಟ್, ನಿಯಮಪುಸ್ತಕ ಎಲ್ಲವನ್ನೂ ಒಂದೇ ಸಲಕ್ಕೆ ಒಯ್ಯಿರಿ. ತಪಾಸಕರು ತಪ್ಪು ಹುಡುಕಿದರೆ ವಾದಿಸಬೇಡಿ. ಅವರು ಪುಟ ತೋರಿಸಿದರೆ ಆ ಪುಟ ಓದಿ, ಸರಿಪಡಿಸಿಕೊಂಡು ಮತ್ತೆ ಬನ್ನಿ. ಅವರೂ ಸಂಬಳವಿಲ್ಲದೆ ಅದೇ ಬಿಸಿಲಿನಲ್ಲಿ ನಿಂತ ಸ್ವಯಂಸೇವಕರು, ಬಹುಪಾಲು ಜನ ತಾವೂ ಓಡಿದವರು. ಕಾರಿನವರಿಗೆ ಇಲ್ಲಿ ಇನ್ನೊಂದು ಪರೀಕ್ಷೆಯಿದೆ: ಪೂರ್ತಿ ಉಡುಪು ತೊಟ್ಟು, ಪಟ್ಟಿ ಬಿಗಿದುಕೊಂಡು ಕುಳಿತು, ಯಾರ ನೆರವೂ ಇಲ್ಲದೆ ತಾವೇ ಬೇಗ ಹೊರಬರುವುದನ್ನು ಮಾಡಿ ತೋರಿಸಬೇಕು.

ಹೊಸಬರಿಗೆ ತಿಳಿವಳಿಕೆಯ ಸಭೆ ಇರುತ್ತದೆ, ಅದನ್ನು ತಪ್ಪಿಸಿಕೊಳ್ಳುವಂತಿಲ್ಲ. ಯಾವ ಬದಿಗೆ ತಿರುಗಿ ಓಟದ ಪಥದಿಂದ ಹೊರಬರಬೇಕು, ಮರಳಿ ಬರುವ ದಾರಿ ಯಾವುದು, ಬೈಕು ಕೆಟ್ಟರೆ ಎಲ್ಲಿ ನಿಲ್ಲಬೇಕು ಎಂಬುದನ್ನು ಅಲ್ಲಿ ಹೇಳುತ್ತಾರೆ. ಪಥದ ಪಕ್ಕದಲ್ಲಿ ಕರೆದೊಯ್ದು ತೋರಿಸುವಾಗ ನೆಲವನ್ನು ಗಮನಿಸಿ. ಚಳಿಗಾಲದಲ್ಲಿ ತೆಳುವಾಗಿ ನಿಲ್ಲುವ ನೀರನ್ನು ಗಾಳಿ ಅತ್ತಿತ್ತ ತಳ್ಳಿ ಹೂಳನ್ನು ಸಮತಟ್ಟಾಗಿ ಹರಡುತ್ತದೆ. ಒಣಗಿದಾಗ ಅದು ನಮ್ಮ ಕೆರೆಯಂಗಳದಂತೆಯೇ ಬಿರುಕು ಬಿಟ್ಟು ಗಟ್ಟಿಯಾಗುತ್ತದೆ. ಜುಲೈ ಹೊತ್ತಿಗೆ ಆ ಗಟ್ಟಿ ಪದರದ ಮೇಲೆ ಹಿಟ್ಟಿನಷ್ಟು ನುಣುಪಾದ ಪುಡಿ ಕೂತಿರುತ್ತದೆ. ಚಪ್ಪಲಿಯ ತುದಿಯಿಂದ ಕೆದಕಿ ನೋಡಿ: ಪುಡಿ ಎಷ್ಟು ಆಳವಿದೆಯೋ ಅಷ್ಟು ನಿಧಾನವಾಗಿ ನಾಳೆ ಥ್ರಾಟಲ್ (ಆಕ್ಸಿಲರೇಟರ್) ತಿರುಗಿಸಬೇಕು.

ಗ್ಯಾಸ್ ತರಗತಿಯಲ್ಲಿ, ಅಂದರೆ ಮಾಮೂಲಿ ಪೆಟ್ರೋಲಿನ ತರಗತಿಯಲ್ಲಿ, ದಾಖಲೆಯ ಆಸೆಯುಳ್ಳವರು ಕೂಟದಲ್ಲೇ ಸಿಗುವ ಪೆಟ್ರೋಲು ತುಂಬಿಸಿ ಟ್ಯಾಂಕಿನ ಮುಚ್ಚಳಕ್ಕೆ ಮುದ್ರೆ ಹಾಕಿಸಿಕೊಳ್ಳಬೇಕು. ರಾತ್ರಿ ಕೆರೆಯ ದಡದಲ್ಲೇ ಮಲಗುವವರು ಬಹಳ. ಬೇಗ ಮಲಗಿ.

ಭಾನುವಾರ, ಸಾಲಿನಲ್ಲಿ

ಸವಾರರ ಸಭೆ ಮುಗಿದು ಸಾಲು ಹೊರಡುವಾಗ ಬಿಸಿಲು ಇನ್ನೂ ಎಳೆಯದು. ಮುಂದಿನ ಗಾಡಿ ಪಥ ಬಿಟ್ಟು ಹೊರಬಂದಿತೆಂದು ರೇಡಿಯೋದಲ್ಲಿ ಖಚಿತವಾಗುವವರೆಗೆ ಇನ್ನೊಂದನ್ನು ಬಿಡುವುದಿಲ್ಲ. ಯಾರಾದರೂ ಉರುಳಿದರೆ, ಆಯಿಲ್ ಚೆಲ್ಲಿದರೆ, ಆಂಬುಲೆನ್ಸು ಆಚೀಚೆ ಹೋದರೆ ಗಂಟೆಗಟ್ಟಲೆ ನಿಲ್ಲಬೇಕು. ದಿನಕ್ಕೆ ಒಂದು ಅಥವಾ ಎರಡು ಓಟ ಸಿಕ್ಕಿದರೆ ಅದೃಷ್ಟ.

ಈ ಸಾಲಿನಲ್ಲೇ ಹೊಸಬರು ಸೋಲುತ್ತಾರೆ. ಸರದಿ ಬಂದೇಬಿಟ್ಟಿತೆಂದು ಮೊದಲೇ ತೊಗಲಿನ ಸೂಟು ತೊಟ್ಟು ಒಂದು ಗಂಟೆ ಬೇಯುತ್ತಾರೆ. ಆರಂಭದ ಗೆರೆಗೆ ಬರುವಾಗ ಕಣ್ಣು ಮಂಜು, ಕೈ ನಡುಕ. ಸೂಟಿನ ಕೆಳಭಾಗವನ್ನು ಮಾತ್ರ ತೊಟ್ಟು, ತೋಳುಗಳನ್ನು ಸೊಂಟಕ್ಕೆ ಕಟ್ಟಿಕೊಂಡು, ಒದ್ದೆ ಟವೆಲ್ಲನ್ನು ಕುತ್ತಿಗೆಗೆ ಹಾಕಿ ಕೊಡೆಯಡಿ ಕುಳಿತಿರಿ. ಮುಂದೆ ನಾಲ್ಕು ಗಾಡಿ ಉಳಿದಾಗ ಜಿಪ್ಪು, ಎರಡು ಉಳಿದಾಗ ಹೆಲ್ಮೆಟ್. ಜೊತೆಗಾರನ ಮುಖ್ಯ ಕೆಲಸ ಕೊಡೆ ಹಿಡಿಯುವುದು ಮತ್ತು ಕಾಲುಗಂಟೆಗೊಮ್ಮೆ ಲೋಟ ಕೈಗಿಡುವುದು. ತಲೆ ಸುತ್ತಿದರೆ, ಬೆವರು ಥಟ್ಟನೆ ನಿಂತರೆ, ಮಾತು ತೊದಲಿದರೆ ಸಾಲಿನಿಂದ ಹೊರಗೆ ಎಳೆದು ನೆರಳಿಗೆ ಒಯ್ಯುವ ಅಧಿಕಾರವೂ ಅವನದೇ, ಅದನ್ನು ಮನೆಯಲ್ಲೇ ಒಪ್ಪಿಕೊಂಡು ಬನ್ನಿ. ಬೈಕಿಗೂ ಕೊಡೆ ಬೇಕು. ಟ್ಯಾಂಕೂ ಸೀಟೂ ಕಾದು, ಪೆಟ್ರೋಲು ಕೊಳವೆಯಲ್ಲೇ ಆವಿಯಾಗಿ, ಸರಿಯಾದ ಹೊತ್ತಿಗೆ ಸ್ಟಾರ್ಟ್ ಆಗದ ಬೈಕುಗಳು ಪ್ರತಿ ಕೂಟದಲ್ಲೂ ಇರುತ್ತವೆ.

ಓಟ

ಗಾಡಿಗಳನ್ನು ಓಟಕ್ಕೆ ಬಿಡುವ ಸ್ಟಾರ್ಟರ್ ನಿಮ್ಮ ಹೆಲ್ಮೆಟ್ಟಿನ ಪಟ್ಟಿ, ಮಣಿಕಟ್ಟಿನ ದಾರ ನೋಡಿ, ಪಥ ಖಾಲಿ ಇದೆಯೆಂದು ಕೈ ತೋರಿಸುತ್ತಾರೆ. ಅವಸರ ಬೇಡ, ಇದು ಡ್ರ್ಯಾಗ್ ಓಟವಲ್ಲ, ಹೊರಟ ಕ್ಷಣವನ್ನು ಯಾರೂ ಅಳೆಯುತ್ತಿಲ್ಲ. ಒಂದು, ಎರಡನೆಯ ಗೇರಿನಲ್ಲಿ ಚಕ್ರ ಸುತ್ತಿ ಧೂಳೆಬ್ಬಿಸಿದರೆ ಬೈಕು ಅಡ್ಡಡ್ಡ ಹೋಗುತ್ತದೆಯೇ ಹೊರತು ಮುಂದಕ್ಕಲ್ಲ. ಬೇಗ ಬೇಗ ಗೇರು ಏರಿಸಿ, ಥ್ರಾಟಲ್ಲನ್ನು ಸ್ವಲ್ಪಸ್ವಲ್ಪವಾಗಿ ಕೊಡಿ. ಹಿಂದಿನ ಗಾಡಿಗಳು ಕೊರೆದ ಜಾಡು ಬಿಟ್ಟು ಗಟ್ಟಿ ನೆಲ ಕಾಣುವ ಗೆರೆ ಹಿಡಿಯಿರಿ, ದೃಷ್ಟಿ ದೂರದಲ್ಲಿರಲಿ. ಹ್ಯಾಂಡಲ್ಲನ್ನು ಹಕ್ಕಿ ಹಿಡಿದ ಹಾಗೆ ಹಿಡಿಯಿರಿ. ಮುಂದಿನ ಚಕ್ರ ತುಸು ಅಲುಗಾಡುವುದು ಮಣ್ಣಿನ ಮೇಲೆ ಸಹಜ. ಹೆದರಿ ಥ್ರಾಟಲ್ಲನ್ನು ಥಟ್ಟನೆ ಮುಚ್ಚಿದರೆ ಭಾರವೆಲ್ಲ ಮುಂದಕ್ಕೆ ಬಂದು ಅಲುಗಾಟ ಹೆಚ್ಚಾಗುತ್ತದೆ. ಬಿಡಬೇಕೆನಿಸಿದರೆ ನಿಧಾನವಾಗಿ ಬಿಡಿ.

ಮೊದಲ ಓಟದಲ್ಲಿ ಪೂರ್ತಿ ಥ್ರಾಟಲ್ ಬೇಡವೇ ಬೇಡ. ಪರವಾನಗಿಯೂ ಮೆಟ್ಟಿಲು ಮೆಟ್ಟಿಲಾಗಿಯೇ ಸಿಗುವುದು: ಕೆಳಗಿನ ವೇಗದಲ್ಲಿ ಸರಿಯಾಗಿ ಓಡಿ ತೋರಿಸಿದವರಿಗೆ ಮಾತ್ರ ಮೇಲಿನ ವೇಗದ ಅನುಮತಿ.

ಟ್ರಾಪ್ ದಾಟಿದ ಕೂಡಲೇ ತಲೆ ಎತ್ತಬೇಡಿ. ಆ ವೇಗದಲ್ಲಿ ಎದೆಗೆ ತಾಗುವ ಗಾಳಿ ಹಿಂದಕ್ಕೆ ಎಸೆಯುವಷ್ಟಿರುತ್ತದೆ. ಬಗ್ಗಿಯೇ ಇದ್ದು ಥ್ರಾಟಲ್ ಇಳಿಸಿ, ವೇಗ ತಗ್ಗಿದ ಮೇಲೆ ಮೆಲ್ಲಗೆ ಏಳಿ. ಮುಂದಿನ ಬ್ರೇಕನ್ನು ಮರೆತುಬಿಡಿ. ಹೇಳಿದ ಬದಿಗೆ ತಿರುಗಿ ಪಥದಿಂದ ಪೂರ್ತಿ ಹೊರಬಂದ ಮೇಲೆಯೇ ನಿಲ್ಲಿ.

ಎಂಜಿನ್ ಹೇಗೆ ಉರಿಯುತ್ತಿದೆಯೆಂದು ತಿಳಿಯಬೇಕೆನ್ನುವವರು, ಮುಂದಿನ ಓಟಗಳಲ್ಲಿ, ಟ್ರಾಪ್ ದಾಟುತ್ತಲೇ ಕ್ಲಚ್ ಹಿಡಿದು ಎಂಜಿನ್ ಆರಿಸಿ ತೇಲುತ್ತ ಬರುತ್ತಾರೆ. ಆಗ ಸ್ಪಾರ್ಕ್ ಪ್ಲಗ್ಗಿನ ಬಿಳಿ ಪಿಂಗಾಣಿಯ ಮೇಲೆ ಪೂರ್ತಿ ವೇಗದ ಬಣ್ಣವೇ ಉಳಿದಿರುತ್ತದೆ. ತೆಳು ಕಂದು ಬಣ್ಣವಿದ್ದರೆ ನೆಮ್ಮದಿ. ಮಸಿ ಹಿಡಿದಿದ್ದರೆ ಪೆಟ್ರೋಲು ಹೆಚ್ಚು. ಸುಣ್ಣದಂತೆ ಬೆಳ್ಳಗಿದ್ದು ಚುಕ್ಕೆಗಳಿದ್ದರೆ ಪೆಟ್ರೋಲು ಸಾಲದೆ ಪಿಸ್ಟನ್ ಅಪಾಯದಲ್ಲಿದೆ, ಅಂದು ಮತ್ತೆ ಓಡಿಸಬೇಡಿ.

ಚೀಟಿ ಸಿಕ್ಕ ಮೇಲೆ

ಮರಳಿ ಬರುವಾಗ ಚೀಟಿ ಪಡೆದು, ಅದರ ಹಿಂಬದಿಯಲ್ಲೇ ಸಮಯ, ತಾಪಮಾನ, ಸ್ಪ್ರಾಕೆಟ್ಟಿನ ಹಲ್ಲು, ಜೆಟ್ಟಿನ ಸಂಖ್ಯೆ, ಟ್ರಾಪಿನಲ್ಲಿ ಕಂಡ ಆರ್‌ಪಿಎಮ್ ಬರೆದಿಡಿ. ಆರ್‌ಪಿಎಮ್‌ನಿಂದ ಬಂದ ವೇಗಕ್ಕೂ ಚೀಟಿಯ ವೇಗಕ್ಕೂ ಇರುವ ಅಂತರವೇ ನಿಮ್ಮ ಟೈರಿನ ಜಾರಾಟ. ಎರಡನೆಯ ಓಟಕ್ಕೆ ಒಂದೇ ಒಂದು ಬದಲಾವಣೆ ಮಾಡಿ. ಎರಡು ಮಾಡಿದರೆ ಯಾವುದರಿಂದ ಏನಾಯಿತೆಂದು ಗೊತ್ತಾಗುವುದಿಲ್ಲ. ಎಲ್ ಮಿರಾಜ್‌ನಲ್ಲಿ ದಾಖಲೆ ಒಂದೇ ಓಟದಿಂದ ಸಿದ್ಧಿಸುತ್ತದೆ. ಬಾನವಿಲ್ ಸ್ಪೀಡ್ ವೀಕ್‌ನಲ್ಲಾದರೋ ದಾಖಲೆ ಮೀರಿದ ಗಾಡಿಯನ್ನು ಇಂಪೌಂಡ್ ಎಂಬ ಆವರಣದಲ್ಲಿರಿಸಿ, ಮರುದಿನ ಬೆಳಿಗ್ಗೆ ಮತ್ತೆ ಓಡಿಸಿ, ಎರಡರ ಸರಾಸರಿ ತೆಗೆಯುತ್ತಾರೆ.

ಮಧ್ಯಾಹ್ನ ಅಡ್ಡಗಾಳಿ ಎದ್ದರೆ ಎರಡನೆಯ ಓಟದ ಆಸೆ ಬಿಡಿ. ಹಗುರ ಬೈಕನ್ನು ಅದು ಪಥದ ಒಂದು ಬದಿಯಿಂದ ಇನ್ನೊಂದಕ್ಕೆ ಸರಿಸುತ್ತದೆ, ಮತ್ತು ಆ ಹೊತ್ತಿಗೆ ನಿಮ್ಮ ದೇಹವೂ ಬೆಳಗಿನಂತೆ ಇರುವುದಿಲ್ಲ. ನನ್ನ ಮೊದಲ ಚೀಟಿಯ ಮೇಲೆ 96 ಮೈಲಿ ಎಂದಿತ್ತು. ಪಕ್ಕದ ಪಿಟ್ಟಿನ ಹಿರಿಯರು ಅದನ್ನು ಕನ್ನಡಕ ಏರಿಸಿ ಓದಿ, ಮಜ್ಜಿಗೆ ಉಳಿದಿದೆಯೇ ಎಂದು ಕೇಳಿದರು.

ತಾರ್ಪಾಲು ಮಡಚುವ ಮೊದಲು ಅದರ ಮೇಲಿನ ಆಯಿಲ್ ಒರೆಸಿ, ಪಿಟ್ಟಿನ ಜಾಗದಲ್ಲಿ ಕತ್ತರಿಸಿ ಬಿದ್ದ ತಂತಿಯ ತುಂಡುಗಳನ್ನು ಒಂದೊಂದಾಗಿ ಆಯಿರಿ, ಮುಂದಿನ ತಿಂಗಳು ಅದೇ ಜಾಗದಲ್ಲಿ ಯಾರದೋ ಟೈರು ನಿಲ್ಲುತ್ತದೆ. ಮನೆಗೆ ಬಂದ ಮರುದಿನವೇ ಆಯಿಲ್, ಫಿಲ್ಟರ್, ಏರ್ ಫಿಲ್ಟರ್ ಮೂರನ್ನೂ ಬದಲಿಸಿ. ಆ ಧೂಳು ಹಿಟ್ಟಿನಷ್ಟು ನುಣುಪು. ಚಕ್ರದ ಬೇರಿಂಗು, ಚೈನು, ಕೇಬಲ್ಲಿನ ಒಳಗೂ ಇರುತ್ತದೆ. ನೀರಿನ ಪ್ರೆಷರ್ ಪೈಪು ಹಿಡಿದರೆ ಅದು ಕೆಸರಾಗಿ ಇನ್ನೂ ಒಳಗೆ ಕೂರುತ್ತದೆ, ಆದ್ದರಿಂದ ಮೊದಲು ಒಣ ಬ್ರಷ್ಷಿನಿಂದ ಉದುರಿಸಿ, ಆಮೇಲೆ ಗಾಳಿ ಊದಿ, ಕೊನೆಗೆ ಒದ್ದೆ ಬಟ್ಟೆಯಲ್ಲಿ ಒರೆಸಿ.